ಹನಿಗೊಂದು ಕೂರಿಗೆ: ಒಂದೇ ಅಳತೆಯ ಜೆಲ್ ಕಾಳು ಮಾಡಲು ಕಲಿತ ಕಥೆ

ರಾಗಿ ಬಿತ್ತಲು ನಮ್ಮಲ್ಲಿ ಎರಡು ದಾರಿ. ಒಂದು, ಬೀಜವನ್ನು ಮಡಿಲಿಗೆ ಕಟ್ಟಿಕೊಂಡು ಕೈಯಲ್ಲಿ ಎರಚುವುದು. ಇನ್ನೊಂದು, ಕೂರಿಗೆ ಹೂಡುವುದು. ಎರಚಿದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಒಂದು ಕಡೆ ಪೈರು ಒತ್ತೊತ್ತಾಗಿ ಬರುತ್ತದೆ, ಇನ್ನೊಂದು ಕಡೆ ನೆಲ ಬೋಳಾಗಿ ಕಾಣುತ್ತದೆ. ಕೂರಿಗೆಯಲ್ಲಿ ಹಾಗಲ್ಲ. ಬಟ್ಟಲಿಗೆ ಹಾಕಿದ ಕಾಳು ಕೊಳವೆಯಲ್ಲಿ ಇಳಿದು ಸಾಲಾಗಿ, ಸಮವಾಗಿ ಬೀಳುತ್ತದೆ. ಬೀಜ ಅದೇ, ಹೊಲವೂ ಅದೇ. ಬದಲಾಗುವುದು ಬೀಳುವ ರೀತಿ ಮಾತ್ರ. ಬೆಳೆ ನಿಲ್ಲುವುದೂ ಅದರ ಮೇಲೆಯೇ.

ಈ ಬರಹ ಬೀಜದ ಬಗ್ಗೆ ಅಲ್ಲ, ಹನಿಯ ಬಗ್ಗೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೆಲ್ ಕಾಳುಗಳನ್ನು ಒಂದೇ ಅಳತೆಯಲ್ಲಿ ಮಾಡುವುದು ಹೇಗೆ ಎಂಬ ಪ್ರಶ್ನೆಗೆ ವಿಜ್ಞಾನಿಗಳು ಹಲವು ದಶಕ ತಲೆ ಕೆಡಿಸಿಕೊಂಡರು. ಮೊದಮೊದಲು ಅವರೂ ಎರಚುತ್ತಿದ್ದರು. ಆಮೇಲೆ ಹನಿಗೂ ಒಂದು ಕೂರಿಗೆ ಮಾಡಿದರು. ಅದರ ಹೆಸರು ಮೈಕ್ರೋಫ್ಲೂಯಿಡಿಕ್ ಚಿಪ್. ಈ ಕಥೆ ಪ್ರಾಗ್ ಊರಿನ ಮನೆಯೊಂದರ ಅಡುಗೆಕೋಣೆಯನ್ನೂ ಹಾದುಹೋಗುತ್ತದೆ, ಬೆಂಗಳೂರಿನ ರೇಷ್ಮೆ ನೂಲನ್ನೂ ಮುಟ್ಟುತ್ತದೆ.

ಮೊದಲು, ಜೆಲ್ ಎಂದರೇನು?

ಕಾಮಕಸ್ತೂರಿ ಬೀಜವನ್ನು ನೀರಿಗೆ ಹಾಕಿ ಸ್ವಲ್ಪ ಹೊತ್ತು ಬಿಡಿ. ಪ್ರತಿ ಕಾಳಿನ ಸುತ್ತ ಲೋಳೆಯಂಥ ಪೊರೆ ಕಟ್ಟುತ್ತದೆ. ಅದೇ ಹೈಡ್ರೋಜೆಲ್. ಉದ್ದುದ್ದ ಎಳೆಗಳಂಥ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ, ಆ ಬಲೆಯ ಕಣ್ಣುಗಳಲ್ಲಿ ನೀರು ನಿಲ್ಲುತ್ತದೆ. ನೀರು ಹರಿದುಹೋಗುವುದಿಲ್ಲ, ಬಲೆಯೂ ಕರಗುವುದಿಲ್ಲ. ಮಕ್ಕಳ ಡೈಪರ್ ಒಳಗೆ ಮೂತ್ರ ಹೀರಿ ಉಬ್ಬುವ ಪುಡಿ ಇದೇ ಜಾತಿಯದು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಒಣಬೇಸಾಯಕ್ಕೆಂದು ರೂಪಿಸಿದ 'ಪೂಸಾ ಹೈಡ್ರೋಜೆಲ್' ಕೂಡ ಇದೇ ಜಾತಿ. ಅದು ತನ್ನ ತೂಕದ ಕನಿಷ್ಠ 350 ಪಟ್ಟು ಶುದ್ಧ ನೀರನ್ನು ಹೀರಬಲ್ಲದು.

ಹೊಲಕ್ಕೆ ಹಾಕುವ ಜೆಲ್ ಪುಡಿಯಲ್ಲಿ ಒಂದು ಹರಳು ದೊಡ್ಡದು, ಇನ್ನೊಂದು ಚಿಕ್ಕದಾದರೆ ತೊಂದರೆಯಿಲ್ಲ. ಮಣ್ಣು ಅದನ್ನು ಕೇಳುವುದಿಲ್ಲ. ಮನುಷ್ಯನ ದೇಹ ಕೇಳುತ್ತದೆ.

ಯಾಕೆ ಎನ್ನಲು ಒಂದು ಸಣ್ಣ ಲೆಕ್ಕ. ಎರಡು ಜೆಲ್ ಗುಂಡುಗಳಿವೆ ಎನ್ನಿ. ಒಂದರ ಅಡ್ಡಗಲ ಇನ್ನೊಂದರ ಎರಡರಷ್ಟು. ಅವುಗಳೊಳಗೆ ಔಷಧ ತುಂಬಿದರೆ ದೊಡ್ಡದರಲ್ಲಿ ಎರಡು ಪಟ್ಟು ಔಷಧ ಹಿಡಿಯುತ್ತದೆ ಎಂದು ಅನಿಸುತ್ತದೆ. ಅಲ್ಲ, ಎಂಟು ಪಟ್ಟು ಹಿಡಿಯುತ್ತದೆ. ಉದ್ದ, ಅಗಲ, ಎತ್ತರ ಮೂರೂ ಎರಡು ಪಟ್ಟಾದರೆ ಎರಡು ಗುಣಿಸು ಎರಡು ಗುಣಿಸು ಎರಡು. ಅಡ್ಡಗಲ ಬರೀ ನೂರಕ್ಕೆ ಹತ್ತು ಹೆಚ್ಚಾದರೂ ಒಳಗಿನ ಮಾಲು ನೂರಕ್ಕೆ 33 ಹೆಚ್ಚುತ್ತದೆ. ಕಣ್ಣಿಗೆ ತಿಳಿಯದ ವ್ಯತ್ಯಾಸ, ಔಷಧದ ಲೆಕ್ಕದಲ್ಲಿ ದೊಡ್ಡ ತಪ್ಪು.

ಪ್ರಾಗ್‌ನ ಒಂದು ಕ್ರಿಸ್‌ಮಸ್

ದೇಹಕ್ಕೂ ಜೆಲ್‌ಗೂ ಹೊಂದಾಣಿಕೆಯಾಗುತ್ತದೆ ಎಂದು ಜಗತ್ತಿಗೆ ತೋರಿಸಿದವರು ಆಗಿನ ಚೆಕೊಸ್ಲೊವಾಕಿಯಾದ ರಸಾಯನ ವಿಜ್ಞಾನಿ ಒಟ್ಟೊ ವಿಖ್ಟರ್ಲೆ. 1960ರಲ್ಲಿ ಅವರು ದ್ರಾಹೊಸ್ಲಾವ್ ಲಿಮ್ ಅವರ ಜೊತೆ 'ನೇಚರ್' ಪತ್ರಿಕೆಯಲ್ಲಿ ಒಂದು ಚಿಕ್ಕ ಪ್ರಬಂಧ ಬರೆದರು. ನೀರು ಹಿಡಿಯುವ ಮೆತ್ತನೆಯ ಜೆಲ್ ದೇಹದ ಒಳಗೆ ಬಳಸಲು ತಕ್ಕದ್ದು ಎಂಬುದು ಅದರ ಸಾರ.

ಅದಕ್ಕೂ ಎರಡು ವರ್ಷ ಮೊದಲು, 1958ರಲ್ಲಿ, ರಾಜಕೀಯ ಕಾರಣಕ್ಕೆ ಅವರನ್ನು ಪ್ರಾಗ್‌ನ ರಸಾಯನ ತಂತ್ರಜ್ಞಾನ ಸಂಸ್ಥೆಯಿಂದ ಹೊರಹಾಕಲಾಗಿತ್ತು. ಜೆಲ್‌ನಿಂದ ಕಣ್ಣಿನ ಲೆನ್ಸ್ ಮಾಡುವ ಕೆಲಸಕ್ಕೆ ಸರ್ಕಾರದ ಬೆಂಬಲವೂ ನಿಂತಿತು. 1961ರ ಕ್ರಿಸ್‌ಮಸ್ ಹೊತ್ತಿಗೆ ಅವರು ಮನೆಯಲ್ಲೇ ಯಂತ್ರ ಕಟ್ಟಿದರು. ಮಗನ ಆಟಿಕೆಯ 'ಮೆರ್ಕೂರ್' ಪೆಟ್ಟಿಗೆಯ ಕಬ್ಬಿಣದ ಪಟ್ಟಿಗಳು, ಸೈಕಲ್ಲಿನ ಡೈನಮೊ, ಕರೆಗಂಟೆಯ ಟ್ರಾನ್ಸ್‌ಫಾರ್ಮರ್, ಇಷ್ಟೇ ಸಾಮಾನು. ಅಚ್ಚನ್ನು ಗಿರಗಿರ ತಿರುಗಿಸಿ, ಅದರಲ್ಲಿ ದ್ರವ ಹಾಕಿದರೆ ದ್ರವ ಅಂಚಿಗೆ ಹರಡಿ ಬಟ್ಟಲಿನ ಆಕಾರದಲ್ಲಿ ಗಟ್ಟಿಯಾಗುತ್ತಿತ್ತು. ಇಂದು ಕೋಟ್ಯಂತರ ಜನ ಕಣ್ಣಿಗೆ ಹಾಕಿಕೊಳ್ಳುವ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಹುಟ್ಟಿದ್ದು ಹೀಗೆ. ಅಮೆರಿಕದಲ್ಲಿ ಅದಕ್ಕೆ ಔಷಧ ಇಲಾಖೆಯ ಒಪ್ಪಿಗೆ ಸಿಕ್ಕಿದ್ದು 1971ರಲ್ಲಿ.

ವಿಖ್ಟರ್ಲೆ ಕೆಲಸದಲ್ಲಿ ಒಂದು ಅನುಕೂಲ ಇತ್ತು. ಲೆನ್ಸ್ ಬೆರಳ ತುದಿಯಷ್ಟು ದೊಡ್ಡದು. ಒಂದು ಅಚ್ಚು, ಒಂದು ಲೆನ್ಸ್. ಕೂದಲೆಳೆಯಷ್ಟು ಸಣ್ಣ ಗುಂಡುಗಳು ಲಕ್ಷಗಟ್ಟಲೆ ಬೇಕಾದರೆ ಅಷ್ಟೂ ಅಚ್ಚು ಮಾಡುವವರು ಯಾರು?

ಕಡಲಪಾಚಿಯ ಮುತ್ತು

ಗುಂಡು ಮಾಡಲು ಬೇರೆ ದಾರಿಯೊಂದು ಮೊದಲೇ ಗೊತ್ತಿತ್ತು. 1881ರಲ್ಲಿ ಇ. ಸಿ. ಸಿ. ಸ್ಟ್ಯಾನ್‌ಫರ್ಡ್ ಎಂಬ ಬ್ರಿಟಿಷ್ ರಸಾಯನ ತಜ್ಞ ಕಂದು ಬಣ್ಣದ ಕಡಲಪಾಚಿಯಿಂದ ಅಂಟಿನಂಥ ವಸ್ತು ತೆಗೆದರು. ಅದನ್ನು ಈಗ ಆಲ್ಜಿನೇಟ್ ಎನ್ನುತ್ತಾರೆ. ಇದನ್ನು ನೀರಲ್ಲಿ ಕರಗಿಸಿ, ಕ್ಯಾಲ್ಸಿಯಂ ಕರಗಿದ ನೀರಿಗೆ ತೊಟ್ಟಿಕ್ಕಿಸಿದರೆ ಪ್ರತಿ ಹನಿಯೂ ಬಿದ್ದ ತಕ್ಷಣ ಮುತ್ತಿನಂತೆ ಗಟ್ಟಿಯಾಗುತ್ತದೆ. ಕ್ಯಾಲ್ಸಿಯಂ ಪಾಚಿಯ ಎಳೆಗಳನ್ನು ಒಂದಕ್ಕೊಂದು ಗಂಟು ಹಾಕುತ್ತದೆ. 1940ರ ದಶಕದಲ್ಲಿ ಇದೇ ಉಪಾಯದಿಂದ ತಿನ್ನುವ ಕೃತಕ ಚೆರ್ರಿ ಹಣ್ಣು ಮಾಡುವ ವಿಧಾನಕ್ಕೆ ಪೇಟೆಂಟ್ ಕೂಡ ಆಯಿತು.

ಬೇಕರಿಯ ಈ ಉಪಾಯ ವೈದ್ಯಕ್ಕೆ ಬಂದದ್ದು 1980ರಲ್ಲಿ. ಫ್ರಾಂಕ್ಲಿನ್ ಲಿಮ್ ಮತ್ತು ಆಂಥನಿ ಸನ್ ಎಂಬ ವಿಜ್ಞಾನಿಗಳು ಇಲಿಯ ಮೇದೋಜೀರಕದಿಂದ ಇನ್ಸುಲಿನ್ ಮಾಡುವ ಜೀವಕೋಶದ ಗುಂಪುಗಳನ್ನು ತೆಗೆದು, ಆಲ್ಜಿನೇಟ್ ಗುಂಡುಗಳೊಳಗೆ ಕೂರಿಸಿದರು. ಆ ಗುಂಡುಗಳನ್ನು ಸಕ್ಕರೆ ಕಾಯಿಲೆ ಬರಿಸಿದ್ದ ಇಲಿಗಳ ಹೊಟ್ಟೆಗೆ ಹಾಕಿದರು. ಎರಡು ಮೂರು ವಾರ ಇಲಿಗಳ ಸಕ್ಕರೆ ಹತೋಟಿಗೆ ಬಂತು.

ಲೆಕ್ಕಾಚಾರ ಚೆನ್ನಾಗಿತ್ತು. ಜೆಲ್ಲಿನ ಬಲೆಯ ಕಣ್ಣು ಇನ್ಸುಲಿನ್, ಸಕ್ಕರೆ, ಆಮ್ಲಜನಕ ಹೋಗಿಬರುವಷ್ಟು ದೊಡ್ಡದು. ಪರಕೀಯ ವಸ್ತುವಿನ ಮೇಲೆ ದಾಳಿ ಮಾಡುವ ದೇಹದ ಕಾವಲು ಕೋಶಗಳು ನುಗ್ಗಲಾರದಷ್ಟು ಚಿಕ್ಕದು. ಬೇಲಿಯೊಳಗಿನ ತೋಟ ಇದ್ದಂತೆ: ಗಾಳಿ ಬೆಳಕು ಬರುತ್ತದೆ, ದನ ನುಗ್ಗುವುದಿಲ್ಲ. ಚಿಕ್ಕ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಬಂದು ದಿನಕ್ಕೆ ಮೂರು ನಾಲ್ಕು ಸಲ ಸೂಜಿ ಚುಚ್ಚಿಸಿಕೊಳ್ಳುವ ಮಕ್ಕಳನ್ನು ಕಂಡವರಿಗೆ ಈ ಪ್ರಯೋಗದ ಬೆಲೆ ಹೇಳಬೇಕಿಲ್ಲ.

ಆದರೆ ಅಳತೆಯ ತಕರಾರು ಇಲ್ಲೇ ಶುರುವಾಯಿತು. ಆಮ್ಲಜನಕ ಜೆಲ್ಲಿನಲ್ಲಿ ನಿಧಾನವಾಗಿ ಇಳಿಯುತ್ತದೆ. ಗುಂಡು ತೀರಾ ದೊಡ್ಡದಾದರೆ ನಡುವಿನ ಜೀವಕೋಶಕ್ಕೆ ಉಸಿರು ಸಾಲದು. ತೀರಾ ಚಿಕ್ಕದಾದರೆ ಕೋಶ ಹೊರಗೆ ಇಣುಕುತ್ತದೆ, ದೇಹ ಅದನ್ನು ಹಿಡಿದುಬಿಡುತ್ತದೆ. ಸೂಜಿಯಿಂದ ಬೀಳಿಸಿದ, ಗಾಳಿ ಊದಿ ಉದುರಿಸಿದ ಹನಿಗಳಲ್ಲಿ ಅಳತೆ ಹಿಡಿಯುವುದು ಕಷ್ಟ. ಇನ್ನೂ ಸಣ್ಣ ಗುಂಡು ಬೇಕೆಂದರೆ ಆಲ್ಜಿನೇಟ್ ದ್ರವವನ್ನು ಎಣ್ಣೆಗೆ ಹಾಕಿ, ಮಜ್ಜಿಗೆ ಕಡೆದಂತೆ ಕಡೆಯಬೇಕು. ಕಡೆದಾಗ ದೊಡ್ಡ ಹನಿ, ಚಿಕ್ಕ ಹನಿ, ಧೂಳಿನಂಥ ಹನಿ ಎಲ್ಲವೂ ಒಟ್ಟಿಗೆ ಹುಟ್ಟುತ್ತವೆ. ಕೈಯಲ್ಲಿ ಬೀಜ ಎರಚಿದ ಹಾಗೆ.

ಕಣ್ಣು ಕಾಣದವರು ಕಂಡ ಹನಿ

ಹನಿ ಯಾಕೆ ಹುಟ್ಟುತ್ತದೆ ಎಂಬುದನ್ನು ವಿಜ್ಞಾನ ಮೊದಲೇ ತಿಳಿದುಕೊಂಡಿತ್ತು. ನಲ್ಲಿಯನ್ನು ಸ್ವಲ್ಪವೇ ತಿರುಗಿಸಿ ನೋಡಿ. ಮೇಲೆ ನೀರು ನೂಲಿನಂತೆ ಇಳಿಯುತ್ತದೆ, ಕೆಳಗೆ ಬರುತ್ತ ಹನಿಹನಿಯಾಗಿ ಒಡೆಯುತ್ತದೆ. ಬೆಲ್ಜಿಯಂನ ಜೋಸೆಫ್ ಪ್ಲಾಟೋ ಇದನ್ನು ವರ್ಷಗಟ್ಟಲೆ ಪರೀಕ್ಷಿಸಿ 1873ರಲ್ಲಿ ದೊಡ್ಡ ಗ್ರಂಥ ಬರೆದರು. ವಿಶೇಷ ಎಂದರೆ, ಆ ಹೊತ್ತಿಗೆ ಅವರ ಎರಡೂ ಕಣ್ಣು ಹೋಗಿ ಮೂವತ್ತು ವರ್ಷವಾಗಿತ್ತು. ಮನೆಯವರು, ಸಹಾಯಕರು ನೋಡಿ ಹೇಳುತ್ತಿದ್ದರು, ಅವರು ಲೆಕ್ಕ ಹಾಕುತ್ತಿದ್ದರು.

ಪ್ಲಾಟೋ ಕಂಡುಕೊಂಡದ್ದು ಇಷ್ಟು: ನೀರಿನ ನೂಲಿನ ಉದ್ದ ಅದರ ಸುತ್ತಳತೆಗಿಂತ ಹೆಚ್ಚಾದರೆ ಅದು ನೂಲಾಗಿ ಉಳಿಯಲಾರದು. ನೀರಿನ ಮೇಲ್ಮೈ ತನ್ನನ್ನು ತಾನೇ ಎಳೆದುಕೊಂಡು ಹನಿಯಾಗುತ್ತದೆ. ಕೆಲವೇ ವರ್ಷದಲ್ಲಿ ಇಂಗ್ಲೆಂಡಿನ ಲಾರ್ಡ್ ರೇಲೀ ಇದಕ್ಕೆ ಗಣಿತ ಕಟ್ಟಿದರು. ಇದರ ಅರ್ಥ, ಹನಿ ಒಡೆಯುವುದಕ್ಕೂ ನಿಯಮ ಇದೆ. ನೂಲಿನ ದಪ್ಪವನ್ನು, ಹರಿವಿನ ವೇಗವನ್ನು ಹಿಡಿತದಲ್ಲಿಟ್ಟರೆ ಹನಿಯ ಅಳತೆಯೂ ಹಿಡಿತಕ್ಕೆ ಬರುತ್ತದೆ.

ನಿಯಮ ಗೊತ್ತಿತ್ತು, ಸಾಧನ ಇರಲಿಲ್ಲ. ಕೂದಲಿನಷ್ಟು ಅಗಲದ ಕಾಲುವೆ ತೋಡಲು ಗುದ್ದಲಿ ಎಲ್ಲಿ ತರುವುದು?

ಸಕ್ಕರೆ ಅಚ್ಚಿನ ಉಪಾಯ

ಆ ಗುದ್ದಲಿ ಕಂಪ್ಯೂಟರ್ ಕಾರ್ಖಾನೆಯಿಂದ ಬಂತು. ಸಿಲಿಕಾನ್ ಬಿಲ್ಲೆಯ ಮೇಲೆ ಬೆಳಕಿನಿಂದ ಗೆರೆ ಕೊರೆಯುವ ವಿದ್ಯೆ 1970ರ ದಶಕಕ್ಕಾಗಲೇ ಇತ್ತು. ಜಪಾನಿನ ತ್ಸುಕುಬಾದ ರಾಷ್ಟ್ರೀಯ ಆಹಾರ ಸಂಶೋಧನಾ ಸಂಸ್ಥೆಯಲ್ಲಿ ಮಿತ್ಸುತೋಶಿ ನಕಾಜಿಮಾ ಅವರ ತಂಡ 1997ರಲ್ಲಿ ಸಿಲಿಕಾನ್‌ನಲ್ಲಿ ಸಾಲು ಸಾಲು ಸಣ್ಣ ಕಾಲುವೆ ಕೊರೆದು, ಒಂದೇ ಅಳತೆಯ ಹನಿಗಳನ್ನು ಹೊರಡಿಸಿ ತೋರಿಸಿತು. ಆದರೆ ಸಿಲಿಕಾನ್ ದುಬಾರಿ. ಅದಕ್ಕೆ ಧೂಳಿಲ್ಲದ ವಿಶೇಷ ಕೋಣೆ ಬೇಕು. ಪ್ರತಿ ಪ್ರಯೋಗಕ್ಕೂ ಹೊಸ ಬಿಲ್ಲೆ ಕೊರೆಯುತ್ತ ಕೂರುವುದು ಎಲ್ಲರ ಕೈಲಾಗುವ ಕೆಲಸವಲ್ಲ.

ಇಲ್ಲಿ ಬಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಜಾರ್ಜ್ ವೈಟ್‌ಸೈಡ್ಸ್. ಸಂಕ್ರಾಂತಿಗೆ ನಮ್ಮ ಮನೆಗಳಲ್ಲಿ ಸಕ್ಕರೆ ಅಚ್ಚು ಮಾಡುವುದನ್ನು ನೆನೆಸಿಕೊಳ್ಳಿ. ಮರದ ಅಚ್ಚು ಒಮ್ಮೆ ಕೊರೆದರೆ ಮುಗಿಯಿತು. ಆಮೇಲೆ ಪಾಕ ಹೊಯ್ದು, ಆರಿಸಿ, ಬಿಡಿಸುತ್ತ ಹೋದರೆ ಎಷ್ಟು ಬೇಕಾದರೂ ಬೊಂಬೆ ಸಿಗುತ್ತದೆ. ವೈಟ್‌ಸೈಡ್ಸ್ ತಂಡ ಮಾಡಿದ್ದೂ ಅದನ್ನೇ. ಬೇಕಾದ ಕಾಲುವೆಯ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಪಾರದರ್ಶಕ ಹಾಳೆಯ ಮೇಲೆ ಸೂಕ್ಷ್ಮವಾಗಿ ಪ್ರಿಂಟ್ ಹಾಕಿಸಿದರು. ಅದರ ಮೂಲಕ ಬೆಳಕು ಬಿಟ್ಟು ಉಬ್ಬುಗೆರೆಗಳ ಅಚ್ಚು ಮಾಡಿದರು. ಆ ಅಚ್ಚಿನ ಮೇಲೆ ಪಿಡಿಎಂಎಸ್ ಎಂಬ ದ್ರವ ಸಿಲಿಕೋನ್ ರಬ್ಬರ್ ಸುರಿದು, ಬಿಸಿ ಮಾಡಿ, ಗಟ್ಟಿಯಾದ ಮೇಲೆ ಸುಲಿದು ತೆಗೆದರು. ರಬ್ಬರಿನ ಅಡಿಯಲ್ಲಿ ಕಾಲುವೆಗಳು ಮೂಡಿದ್ದವು. ಅದನ್ನು ಗಾಜಿಗೆ ಅಂಟಿಸಿದರೆ ಚಿಪ್ ಸಿದ್ಧ. 1998ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ಪ್ರಕಾರ, ನಕ್ಷೆಯಿಂದ ಚಿಪ್‌ವರೆಗೆ 24 ಗಂಟೆ ಸಾಕು.

ಕಾಲುವೆ ಬಂದ ಮೇಲೆ ಹನಿ ಬರಲು ತಡವಾಗಲಿಲ್ಲ. 2001ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಟಾಡ್ ಥಾರ್ಸೆನ್, ಸ್ಟೀಫನ್ ಕ್ವೇಕ್ ಮತ್ತು ಜೊತೆಗಾರರು ಎರಡು ಸಣ್ಣ ಕಾಲುವೆಗಳನ್ನು ಇಂಗ್ಲಿಷಿನ 'ಟಿ' ಅಕ್ಷರದಂತೆ ಕೂಡಿಸಿದರು. ದೊಡ್ಡ ಕಾಲುವೆಯಲ್ಲಿ ಎಣ್ಣೆ, ಅಡ್ಡ ಬಂದು ಕೂಡುವ ಕಾಲುವೆಯಲ್ಲಿ ನೀರು. ನೀರು ಮೂಲೆಯಲ್ಲಿ ತಲೆ ಹಾಕುತ್ತದೆ, ಉಬ್ಬುತ್ತದೆ. ಹಿಂದಿನಿಂದ ಬರುವ ಎಣ್ಣೆ ಅದರ ಕತ್ತು ಹಿಸುಕುತ್ತದೆ. ಹನಿ ಕಡಿದು ಮುಂದೆ ಹೋಗುತ್ತದೆ. ನೀರು ಮತ್ತೆ ತಲೆ ಹಾಕುತ್ತದೆ, ಮತ್ತೆ ಕತ್ತರಿಸಿಕೊಳ್ಳುತ್ತದೆ. ಕಾಲುವೆ ಅಷ್ಟು ಕಿರಿದಾದ್ದರಿಂದ ಒಳಗೆ ಸುಳಿ ಇಲ್ಲ, ಗಲಿಬಿಲಿ ಇಲ್ಲ. ಒಂದು ಹನಿಯಂತೆ ಇನ್ನೊಂದು.

2003ರಲ್ಲಿ ಶೆಲ್ಲಿ ಆನಾ, ನಥಾಲಿ ಬೊಂಟೂ, ಹೊವಾರ್ಡ್ ಸ್ಟೋನ್ ಇನ್ನೊಂದು ನಕ್ಷೆ ತೋರಿಸಿದರು. ನಡುವೆ ನೀರು, ಎಡಬಲದಿಂದ ಎಣ್ಣೆ, ಮುಂದೆ ಒಂದು ಕಿರಿದಾದ ಕಂಡಿ. ಎರಡೂ ಕಡೆಯ ಎಣ್ಣೆ ಒತ್ತಿದಾಗ ನೀರು ನೂಲಾಗಿ, ಕಂಡಿ ದಾಟುತ್ತಲೇ ಹನಿಯಾಗುತ್ತದೆ. ಹನಿ ಚಿಕ್ಕದು ಬೇಕೇ? ಎಣ್ಣೆಯ ವೇಗ ಹೆಚ್ಚಿಸಿ. ದೊಡ್ಡದು ಬೇಕೇ? ತಗ್ಗಿಸಿ. ಕೂರಿಗೆ ಸಿದ್ಧವಾಯಿತು.

ಹನಿ ಜೆಲ್ ಆದದ್ದು

ಹನಿ ಇನ್ನೂ ಜೆಲ್ ಅಲ್ಲ. ಅದನ್ನು ಕಾಲುವೆಯೊಳಗೇ ಗಟ್ಟಿ ಮಾಡಬೇಕು. ಆಲ್ಜಿನೇಟ್‌ಗೆ ಇಲ್ಲೊಂದು ಪೇಚಾಟ. ಕ್ಯಾಲ್ಸಿಯಂ ತಾಗಿದ ಗಳಿಗೆಯಲ್ಲೇ ಅದು ಹೆಪ್ಪುಗಟ್ಟುತ್ತದೆ. ಹನಿ ಕಡಿಯುವ ಮೊದಲೇ ಹೆಪ್ಪಾದರೆ ಕಾಲುವೆ ಕಟ್ಟಿಕೊಳ್ಳುತ್ತದೆ, ಚಿಪ್ ಕಸದ ಬುಟ್ಟಿಗೆ.

ಟೋಕಿಯೊ ವಿಶ್ವವಿದ್ಯಾಲಯದ ವೇ-ಹಿಯೊಂಗ್ ತಾನ್ ಮತ್ತು ಶೋಜಿ ತಾಕೆಯುಚಿ 2007ರಲ್ಲಿ ಪ್ರಕಟಿಸಿದ ಉಪಾಯ ಸರಳ. ಕ್ಯಾಲ್ಸಿಯಂ ಕಾರ್ಬೋನೇಟ್, ಅಂದರೆ ಸುಣ್ಣದಕಲ್ಲಿನಲ್ಲಿರುವ ವಸ್ತು, ಅದರ ನುಣ್ಣನೆ ಪುಡಿಯನ್ನು ಆಲ್ಜಿನೇಟ್ ದ್ರವದಲ್ಲೇ ಬೆರೆಸಿಟ್ಟರು. ಪುಡಿಯಾಗಿರುವ ತನಕ ಅದು ಏನೂ ಮಾಡದು. ಹನಿ ಕಡಿದಾದ ಮೇಲೆ ಎಣ್ಣೆಯ ಕಡೆಯಿಂದ ಸ್ವಲ್ಪ ಹುಳಿ, ಅಂದರೆ ಆಮ್ಲ, ಒಳಗೆ ಇಳಿಯುತ್ತದೆ. ಸುಣ್ಣ ಕರಗುತ್ತದೆ, ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ, ಹನಿ ಒಳಗಿನಿಂದಲೇ ಜೆಲ್ ಆಗುತ್ತದೆ. ಜೀವಕೋಶಗಳನ್ನು ಒಳಗಿಟ್ಟೂ ಇದನ್ನು ಮಾಡಬಹುದೆಂದು ಅವರು ತೋರಿಸಿದರು.

ಅಷ್ಟರಲ್ಲಿ ಅಮೆರಿಕದ ಎಂಐಟಿಯಲ್ಲಿ ಪ್ಯಾಟ್ರಿಕ್ ಡಾಯ್ಲ್ ಅವರ ಪ್ರಯೋಗಾಲಯ ಹನಿಯನ್ನೇ ಬಿಟ್ಟು ಬೇರೆ ದಾರಿ ಹಿಡಿದಿತ್ತು. ಅಲ್ಲಿ ಸಂಶೋಧನೆ ಮಾಡುತ್ತಿದ್ದ ಧನಂಜಯ ದೆಂಡುಕುರಿ ಮತ್ತು ಡೇನಿಯಲ್ ಪ್ರೆಗಿಬನ್ ಸೇರಿದ ತಂಡದ ಪ್ರಬಂಧ 2006ರಲ್ಲಿ 'ನೇಚರ್ ಮೆಟೀರಿಯಲ್ಸ್' ಪತ್ರಿಕೆಯಲ್ಲಿ ಬಂತು. ಬೆಳಕು ಬಿದ್ದರೆ ಜೆಲ್ ಆಗುವ ದ್ರವವನ್ನು ಅವರು ಕಾಲುವೆಯಲ್ಲಿ ಹರಿಸಿದರು. ಮೇಲೆ ಎಣ್ಣೆಯೂ ಇಲ್ಲ, ಹನಿಯೂ ಇಲ್ಲ. ಸೂಕ್ಷ್ಮದರ್ಶಕದ ಮೂಲಕ, ಆಕಾರ ಕತ್ತರಿಸಿದ ಹಾಳೆಯನ್ನು ಅಡ್ಡವಿಟ್ಟು, ನೇರಳಾತೀತ ಬೆಳಕನ್ನು ಫಳಕ್ಕೆಂದು ಮಿಂಚಿಸಿದರು. ಬೆಳಕು ಬಿದ್ದಷ್ಟು ಜಾಗ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ಗಟ್ಟಿಯಾಯಿತು. ಮೂರುಮೂಲೆ, ಚೌಕ, ಉಂಗುರ, ಏನು ಬೇಕೋ ಆ ಆಕಾರ. ಸೆಕೆಂಡಿಗೆ ಸುಮಾರು ನೂರು ಕಾಳು.

ಹಾಗೆ ಗಟ್ಟಿಯಾದ ಕಾಳು ಕಾಲುವೆಯ ಗೋಡೆಗೆ ಅಂಟಿಕೊಳ್ಳಬೇಕಿತ್ತಲ್ಲವೇ? ಅಂಟಲಿಲ್ಲ. ಕಾಪಾಡಿದ್ದು ಅದೇ ಅಗ್ಗದ ಸಿಲಿಕೋನ್ ರಬ್ಬರ್. ಅದರೊಳಗಿಂದ ಗಾಳಿ ಜಿನುಗುತ್ತದೆ. ಗಾಳಿಯ ಆಮ್ಲಜನಕ ಈ ದ್ರವ ಜೆಲ್ ಆಗುವುದನ್ನು ತಡೆಯುತ್ತದೆ. ಹಾಗಾಗಿ ಗೋಡೆಯ ಪಕ್ಕ ತೆಳುವಾಗಿ ದ್ರವವೇ ಉಳಿಯುತ್ತದೆ, ಕಾವಲಿಗೆ ಎಣ್ಣೆ ಸವರಿದ ಹಾಗೆ. ಕಾಳು ಜಾರಿಕೊಂಡು ಮುಂದೆ ಹೋಗುತ್ತದೆ.

ಮರುವರ್ಷ, 2007ರಲ್ಲಿ, ಇದೇ ಪ್ರಯೋಗಾಲಯ ಜೆಲ್ ಕಾಳಿನ ಒಂದು ತುದಿಗೆ ಚುಕ್ಕಿಗಳ ಗುರುತು, ಇನ್ನೊಂದು ತುದಿಗೆ ರೋಗ ಪತ್ತೆಯ ಅಣು ಕೂರಿಸಿತು. ಹಸುವಿನ ಕಿವಿಯ ಓಲೆಯಲ್ಲಿ ನಂಬರ್ ಇದ್ದಂತೆ ಪ್ರತಿ ಕಾಳಿಗೂ ಗುರುತು. ಹತ್ತು ಲಕ್ಷಕ್ಕೂ ಹೆಚ್ಚು ಬೇರೆ ಬೇರೆ ಗುರುತು ಸಾಧ್ಯ. ಒಂದೇ ತೊಟ್ಟು ದ್ರವದಲ್ಲಿ ಹಲವು ಪರೀಕ್ಷೆ ಒಟ್ಟಿಗೆ ಮಾಡಬಹುದು ಎಂಬ ದಾರಿ ತೆರೆಯಿತು.

ಅಳತೆ ಒಂದೇ ಆದದ್ದರಿಂದ ಆದದ್ದೇನು?

2015ನೇ ಇಸವಿಯ ಮೂರು ಕೆಲಸಗಳನ್ನು ನೋಡಿದರೆ ಉತ್ತರ ಸಿಗುತ್ತದೆ.

ಮೊದಲನೆಯದು ಹಾರ್ವರ್ಡ್‌ನದು. ದೇಹದ ಒಂದೊಂದೇ ಜೀವಕೋಶದಲ್ಲಿ ಯಾವ ಜೀನ್ ಕೆಲಸ ಮಾಡುತ್ತಿದೆ ಎಂದು ಓದುವ ವಿಧಾನ. ಇದಕ್ಕೆ ಒಂದು ಹನಿಯಲ್ಲಿ ಒಂದು ಜೀವಕೋಶ, ಒಂದು ಗುರುತಿನ ಕಾಳು ಜೊತೆಯಾಗಬೇಕು. ಗಟ್ಟಿ ಕಾಳನ್ನು ಕಾಲುವೆಯಲ್ಲಿ ಬಿಟ್ಟರೆ ಒತ್ತೊತ್ತಾಗಿ ಕಳಿಸಲಾಗದು, ಕಟ್ಟಿಕೊಳ್ಳುತ್ತದೆ. ಬಿಡಿಬಿಡಿಯಾಗಿ ಬಿಟ್ಟರೆ ಎಷ್ಟೋ ಹನಿ ಖಾಲಿ ಹೋಗುತ್ತದೆ. ಜೆಲ್ ಕಾಳು ಮೆತ್ತಗೆ. ಬಸ್ಸಿನ ಬಾಗಿಲಲ್ಲಿ ಜನ ಒಬ್ಬರಿಗೊಬ್ಬರು ಒತ್ತಿಕೊಂಡು ಸಾಲಾಗಿ ಇಳಿದಂತೆ, ಅವು ಒತ್ತಿಕೊಂಡೇ ಬಂದು ಹನಿಗೆ ಒಂದರಂತೆ ಇಳಿಯುತ್ತವೆ. ಆದರೆ ಒಂದು ಷರತ್ತು: ಎಲ್ಲ ಕಾಳೂ ಒಂದೇ ಅಳತೆ ಇರಬೇಕು.

ಎರಡನೆಯದು ಕ್ಯಾಲಿಫೋರ್ನಿಯಾದ ಯುಸಿಎಲ್‌ಎಯಲ್ಲಿ ಗಾಯದ ಮೇಲೆ ನಡೆದ ಕೆಲಸ. ಚಿಪ್‌ನಲ್ಲಿ ಮಾಡಿದ ಒಂದೇ ಅಳತೆಯ ಜೆಲ್ ಕಾಳುಗಳನ್ನು ಇಲಿಯ ಗಾಯಕ್ಕೆ ತುಂಬಿ, ಅಲ್ಲೇ ಒಂದಕ್ಕೊಂದು ಅಂಟಿಕೊಳ್ಳುವಂತೆ ಮಾಡಿದರು. ಒಂದೇ ಸೈಜಿನ ಜಲ್ಲಿ ಸುರಿದರೆ ನಡುವೆ ಸಂದು ಉಳಿಯುತ್ತದೆ. ಜಲ್ಲಿಯ ಜೊತೆ ಮರಳು ಬೆರೆತರೆ ಸಂದು ಮುಚ್ಚಿಹೋಗುತ್ತದೆ. ಇಲ್ಲಿ ಸಂದು ಬೇಕಿತ್ತು. ಆ ಸಂದುಗಳಲ್ಲೇ ಹೊಸ ಜೀವಕೋಶ ನುಗ್ಗಿ ಬೆಳೆದವು. ಸಂದಿಲ್ಲದ ಜೆಲ್ ಹಾಕಿದ ಗಾಯಕ್ಕಿಂತ ಇದು ಬೇಗ ಮಾಗಿತು.

ಮೂರನೆಯದು ಎಲ್ಲರ ಲೆಕ್ಕವನ್ನೂ ತಲೆಕೆಳಗು ಮಾಡಿತು. ಸಕ್ಕರೆ ಕಾಯಿಲೆಯ ಆಲ್ಜಿನೇಟ್ ಗುಂಡು ಚಿಕ್ಕದಾದಷ್ಟೂ ಒಳ್ಳೆಯದು ಎಂದು ಅಲ್ಲಿಯವರೆಗೆ ಬಹಳ ಜನ ನಂಬಿದ್ದರು. ಎಂಐಟಿಯ ತಂಡ ಬೇರೆ ಬೇರೆ ಅಳತೆಯ ಗುಂಡುಗಳನ್ನು ಪ್ರತ್ಯೇಕವಾಗಿ ಮಾಡಿ ಹೋಲಿಸಿತು. ಇವನ್ನು ಮಾಡಿದ್ದು ಚಿಪ್‌ನಲ್ಲಲ್ಲ, ವಿದ್ಯುತ್ ಬಲದಿಂದ ಹನಿ ಬೀಳಿಸುವ ಸಾಧನದಲ್ಲಿ. ಆದರೂ ಪ್ರಶ್ನೆ ಅಳತೆಯದೇ. ಅರ್ಧ ಮಿಲಿಮೀಟರ್ ಗುಂಡುಗಳ ಸುತ್ತ ದೇಹ ಗಾಯದ ಕಲೆಯಂಥ ಗೋಡೆ ಕಟ್ಟಿ ಉಸಿರುಗಟ್ಟಿಸಿತು. ಒಂದೂವರೆ ಮಿಲಿಮೀಟರ್ ಗುಂಡುಗಳನ್ನು ಹೆಚ್ಚುಕಡಿಮೆ ಸುಮ್ಮನೆ ಬಿಟ್ಟಿತು. ಆ ದೊಡ್ಡ ಗುಂಡುಗಳೊಳಗಿನ ಕೋಶಗಳು ಇಲಿಗಳ ಸಕ್ಕರೆಯನ್ನು 180 ದಿನದವರೆಗೆ ಹತೋಟಿಯಲ್ಲಿಟ್ಟವು. ಚಿಕ್ಕ ಗುಂಡಿಗಿಂತ ಐದು ಪಟ್ಟಿಗೂ ಹೆಚ್ಚು ಕಾಲ.

ದೊಡ್ಡದು ಚಿಕ್ಕದು ಬೆರಕೆಯಾಗಿದ್ದ ಕಾಲದಲ್ಲಿ ಈ ವಿಷಯ ಯಾರಿಗೂ ತಿಳಿಯುವಂತಿರಲಿಲ್ಲ. ಯಾವ ಗುಂಡು ಸೋತಿತು, ಯಾವುದು ಗೆದ್ದಿತು ಎಂದು ಹೇಳಲು ಮೊದಲು ಅವು ಬೇರೆಬೇರೆಯಾಗಿ ಇರಬೇಕಲ್ಲ. ಕೈಯಲ್ಲಿ ಎರಚಿದ ಹೊಲದಲ್ಲಿ ಯಾವ ಅಂತರ ಒಳ್ಳೆಯದು ಎಂದು ಹೇಳಲಾಗದು. ಸಾಲು ಹೊಡೆದವರು ಹೇಳಬಲ್ಲರು.

ಇಲ್ಲೊಂದು ಎಚ್ಚರಿಕೆಯ ಮಾತು. ಇಲಿಯಲ್ಲಿ ಆದದ್ದೆಲ್ಲ ಮನುಷ್ಯನಲ್ಲಿ ಆಗಿಬಿಡುವುದಿಲ್ಲ. 1980ರಿಂದ ಇಷ್ಟು ವರ್ಷವಾದರೂ ಈ ಗುಂಡು ನಮ್ಮ ಮೆಡಿಕಲ್ ಶಾಪಿನಲ್ಲಿ ಸಿಗುವ ಮಾಲಾಗಿಲ್ಲ. ಜೆಲ್ ಹಾಕಿ ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಎಂದು ಯಾರಾದರೂ ವಾಟ್ಸಾಪಿನಲ್ಲಿ ಕಳಿಸಿದರೆ ನಂಬಿ ಇನ್ಸುಲಿನ್ ಬಿಡಬೇಡಿ.

ಬೆಂಗಳೂರಿನ ರೇಷ್ಮೆ

2006ರ ಪ್ರಬಂಧದ ಧನಂಜಯ ದೆಂಡುಕುರಿ ಆಮೇಲೆ ಭಾರತಕ್ಕೆ ಮರಳಿ, ಬೆಂಗಳೂರಿನಲ್ಲಿ ಅಚಿರಾ ಲ್ಯಾಬ್ಸ್ ಎಂಬ ಕಂಪನಿಯನ್ನು ಜೊತೆಗಾರರೊಂದಿಗೆ ಶುರು ಮಾಡಿದರು. ಜೆಲ್ ಕಾಳು ಮಾಡಿದ ಅದೇ ಸಣ್ಣ ಕಾಲುವೆಯ ವಿದ್ಯೆಯನ್ನು ರಕ್ತ ಪರೀಕ್ಷೆಯಂಥ ಕೆಲಸಕ್ಕೆ ಅಗ್ಗವಾಗಿ ತರುವುದು ಅವರ ಗುರಿ. ಅಗ್ಗ ಎಂದರೆ ಕಾರ್ಖಾನೆ ಬೇಡದ ಚಿಪ್ ಬೇಕು.

2011ರಲ್ಲಿ ಅವರ ತಂಡ ಪ್ರಕಟಿಸಿದ ಉತ್ತರ: ಮಗ್ಗ. ರೇಷ್ಮೆ ನೂಲಿಗೆ ಪರೀಕ್ಷೆಯ ರಾಸಾಯನಿಕ ಹಚ್ಚಿ, ಒಣಗಿಸಿ, ಕೈಮಗ್ಗದಲ್ಲಿ ನೇಯ್ದರು. ನೀರು ಹೀರುವ ನೂಲು ಕಾಲುವೆಯಾಯಿತು, ನೀರು ಹೀರದ ನೂಲು ಬದುವಾಯಿತು. ಸೀರೆಯ ಅಂಚಿಗೆ ಚಿತ್ತಾರ ತರುವ ಜಕಾರ್ಡ್‌ನಿಂದಲೇ ಕಾಲುವೆಯ ನಕ್ಷೆ ಬಂತು. ನೂಲಿನ ಹುರಿ ಬಿಗಿ ಮಾಡಿದರೆ, ಸಡಿಲ ಮಾಡಿದರೆ ದ್ರವ ಹರಿಯುವ ವೇಗ ಬದಲಾಗುತ್ತದೆ ಎಂದೂ ತೋರಿಸಿದರು. ಬಟ್ಟೆಯ ಒಂದು ತುಂಡು ಒಂದು ಪರೀಕ್ಷಾ ಪಟ್ಟಿ. ಪಂಪು ಬೇಡ, ಕರೆಂಟು ಬೇಡ. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವಂತೆ ಬಟ್ಟೆ ತಾನೇ ದ್ರವ ಎಳೆದುಕೊಳ್ಳುತ್ತದೆ.

ರೇಷ್ಮೆ ಬೆಳೆಯುವ, ನೂಲು ಬಿಚ್ಚುವ, ಮಗ್ಗ ನಡೆಸುವ ಊರುಗಳ ಓದುಗರು ಇದನ್ನು ಇನ್ನೊಮ್ಮೆ ಓದಬೇಕು. ಗೇಣು ಗೇಣಿಗೂ ನೂಲು ಎಣಿಸಿ ನೇಯುವ ಕೈಗೆ ಒಂದೇ ಅಳತೆ ಎಂದರೆ ಏನು ಎಂಬುದು ಬೆನ್ನಿಗೆ ಬಂದ ವಿದ್ಯೆ. ಪ್ರಯೋಗಾಲಯ ಅದನ್ನು ಗುರುತಿಸಿತು.

ಒಂದು ಚಮಚ ಕಾಳಿಗೆ ಎಷ್ಟು ಹೊತ್ತು?

ಇಷ್ಟೆಲ್ಲ ಆದ ಮೇಲೂ ಜೆಲ್ ಕಾಳು ಇನ್ನೂ ಯಾಕೆ ಪ್ರಯೋಗಾಲಯದಲ್ಲೇ ಹೆಚ್ಚಾಗಿ ಉಳಿದಿದೆ? ಲೆಕ್ಕ ಹಾಕಿ ನೋಡೋಣ. ಒಂದು ಕಾಳಿನ ಅಡ್ಡಗಲ 60 ಮೈಕ್ರಾನ್ ಎನ್ನಿ, ಅಂದರೆ ಮಿಲಿಮೀಟರಿನ ಸಾವಿರ ಭಾಗದಲ್ಲಿ 60. ಒಂದು ಮಿಲಿಲೀಟರಿಗೆ ಅಂಥ ಸುಮಾರು 88 ಲಕ್ಷ ಕಾಳು ಬೇಕು. ಒಂದು ಕಾಲುವೆ ಸೆಕೆಂಡಿಗೆ ಸಾವಿರ ಹನಿ ಕಡಿದರೂ ಗಂಟೆಗೆ 36 ಲಕ್ಷ. ಐದು ಮಿಲಿಲೀಟರಿನ ಒಂದು ಚಹಾ ಚಮಚ ತುಂಬಲು ಹನ್ನೆರಡು ಗಂಟೆ.

ಒಂಟಿ ಕೊಳವೆಯ ಕೂರಿಗೆಯಲ್ಲಿ ಊರ ಹೊಲ ಬಿತ್ತಲು ಹೊರಟಂತೆ ಇದು. ಉಪಾಯವೂ ಕೂರಿಗೆಯದ್ದೇ: ಕೊಳವೆ ಹೆಚ್ಚಿಸುವುದು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಊಟದ ತಟ್ಟೆಗಿಂತ ಚಿಕ್ಕದಾದ ಒಂದೇ ಸಿಲಿಕಾನ್ ಬಿಲ್ಲೆಯಲ್ಲಿ 10,260 ಹನಿ ಕಡಿಯುವ ಕಂಡಿಗಳನ್ನು ಕೂರಿಸಿತು. ಅವರು ಅದರಲ್ಲಿ ಮಾಡಿದ್ದು ಪಾಲಿಮರ್ ಕಾಳು, ಜೆಲ್ ಅಲ್ಲ. ಆದರೆ ದಾರಿ ಅದೇ. ಕಷ್ಟ ಇರುವುದು ಎಲ್ಲ ಕಂಡಿಗೂ ದ್ರವ ಸಮನಾಗಿ ತಲುಪಿಸುವುದರಲ್ಲಿ. ಕಾಲುವೆಯ ಕೊನೆಯ ಹೊಲಕ್ಕೂ ತಲೆಯ ಹೊಲದಷ್ಟೇ ನೀರು ಸಿಗಬೇಕು ಎಂಬ ಜಗಳ ನಮಗೆ ಗೊತ್ತಿಲ್ಲದ್ದೇನಲ್ಲ.

ಈ ಕಥೆಯಲ್ಲಿ ಜೆಲ್ ಹೊಸದಲ್ಲ. ಪಾಚಿಯ ಅಂಟು 1881ರದು, ಹನಿಯ ನಿಯಮ 1873ರದು. ಹೊಸದಾಗಿ ಬಂದದ್ದು ಸಮನಾಗಿ ಬೀಳಿಸುವ ಸಾಧನ. ಅದು ಬಂದ ಮೇಲೆ ಹಳೆಯ ವಸ್ತುವೇ ಹೊಸ ಮಾತು ಹೇಳತೊಡಗಿತು. ಯಾವ ಅಳತೆಗೆ ಗಾಯ ಮಾಗುತ್ತದೆ, ಯಾವ ಅಳತೆಗೆ ದೇಹ ಒಪ್ಪುತ್ತದೆ ಎಂಬುದು ತಿಳಿಯಿತು.

ಔಷಧವೇ ಆಗಲಿ, ಪರೀಕ್ಷೆಯ ಪಟ್ಟಿಯೇ ಆಗಲಿ, ಹೊಲಕ್ಕೆ ತಂದ ಪೊಟ್ಟಣವೇ ಆಗಲಿ, ನಾಳೆ ನಿಮ್ಮ ಮುಂದೆ ಯಾರಾದರೂ ಹೊಸ ಮಾಲು ತಂದಿಟ್ಟರೆ ಒಂದು ಪ್ರಶ್ನೆ ಕೇಳಲು ಮರೆಯಬೇಡಿ: "ಇವತ್ತು ಕೊಟ್ಟದ್ದೂ ನಾಳೆ ಕೊಡುವುದೂ ಒಂದೇ ಅಳತೆ ಇರುತ್ತದೆಯೇ?" ವಿಜ್ಞಾನಿಗಳಿಗೇ ಈ ಪ್ರಶ್ನೆಗೆ ಉತ್ತರ ಹುಡುಕಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಕೇಳಿದವರ ಮುಂದೆ ಮಾರುವವರು ಎರಡು ನಿಮಿಷ ತಡವರಿಸಿದರೆ ತಪ್ಪೇನಿಲ್ಲ.